ಅರ್ಧ ಇಂಚಿನ ಪೈಪಲ್ಲಿ ಅರ್ಧ ಇಂಚು ಎಲ್ಲಿದೆ?

ಇವತ್ತಿನ ಸಂಚಿಕೆ ಒಂದು ಎಲ್ಬೋ ಬಗ್ಗೆ. ಮೊಣಕೈ ಅಲ್ಲ, ನಲ್ಲಿ ಪೈಪು ತಿರುಗುವ ಜಾಗದಲ್ಲಿ ಹಾಕ್ತಾರಲ್ಲ, ಆ ಎಲ್ಬೋ. ಅಂಗಡಿಯಲ್ಲಿ ಅದಕ್ಕೆ 20 ರೂಪಾಯಿಯೂ ಇರಲಿಲ್ಲ. ನನಗೆ ಅದು ಬಿದ್ದಿದ್ದು 11,000 ರೂಪಾಯಿಗೆ.

ಆಗಿದ್ದು ಇಷ್ಟು. ಹೋದ ವರ್ಷ ನಮ್ಮ ಬಾಡಿಗೆ ಮನೆಯಲ್ಲಿ ವಾಷಿಂಗ್ ಮಷೀನ್ ಲೈನಿನ ಎಲ್ಬೋ ಬಿರುಕು ಬಿಟ್ಟಿತು. ಪ್ಲಂಬರ್‌ಗೆ ಫೋನ್ ಮಾಡಿದ್ರೆ "ನಾಳೆ ಬರ್ತೀನಿ ಸರ್" ಅಂದ್ರು. ಪ್ಲಂಬರ್‌ಗಳ ನಾಳೆ ಯಾವತ್ತು ಬರುತ್ತೆ ಅಂತ ನಿಮಗೂ ಗೊತ್ತು. ಕಾದು ಕಾದು, ನಾನೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಅರ್ಧ ಇಂಚು ಎಲ್ಬೋ ಕೊಡಿ" ಅಂದೆ. ಕೊಟ್ಟರು. ಮನೆಗೆ ತಂದು ಹಾಕಿದರೆ ಪೈಪು ಅದರೊಳಗೆ ಲೊಡಲೊಡ ಅಂತಿದೆ! ಪೈಪಿನ ಮೇಲೂ ಅರ್ಧ ಇಂಚು ಅಂತ ಅಚ್ಚಾಗಿದೆ, ಎಲ್ಬೋ ಮೇಲೂ ಅರ್ಧ ಇಂಚು. ನಾನು ಮಾಡಿದ ಘನಕಾರ್ಯ ಏನಂದ್ರೆ, ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿ, ಮೇಲೆ ಎಂ-ಸೀಲ್ ಮೆತ್ತಿದ್ದು. ಎರಡು ದಿನ ನಿಂತಿತು. ಮೂರನೇ ದಿನ ಬೆಳಗಿನ ಜಾವ ಕೆಳಗಿನ ಮನೆ ಆಂಟಿ ಬಂದು ಬಾಗಿಲು ಬಡಿದರು. ಅವರ ಫಾಲ್ಸ್ ಸೀಲಿಂಗಿನ ಒಂದು ಭಾಗ ಸೋಫಾ ಮೇಲೆ ಬಂದು ಕೂತಿತ್ತು. ದುಡ್ಡು ನನ್ನ ಅಡ್ವಾನ್ಸಿನಲ್ಲಿ ಹೋಯ್ತು.

ಅವತ್ತು ಮಾತ್ರ ಪ್ಲಂಬರ್ ಅರ್ಧ ಗಂಟೆಯಲ್ಲಿ ಬಂದರು. ನೋಡಿ ನಕ್ಕು ಹೇಳಿದ್ರು: "ಸರ್, ನೀವು ತಂದಿರೋದು ಯುಪಿವಿಸಿ. ಇಲ್ಲಿರೋದು ಸಿಪಿವಿಸಿ. ಎರಡೂ ಅರ್ಧ ಇಂಚೇ. ಆದ್ರೆ ಆ ಅರ್ಧ ಇಂಚು ಬೇರೆ, ಈ ಅರ್ಧ ಇಂಚು ಬೇರೆ."

ನಾನು ಬಿಕಾಂ ಓದಿದವನು. ಅರ್ಧ ಅಂದ್ರೆ ಅರ್ಧ ಅಂತ ನಂಬಿ ಬೆಳೆದವನು. ಗೆಳೆಯನ ಹತ್ರ ವರ್ನಿಯರ್ ಕ್ಯಾಲಿಪರ್ ಇಸ್ಕೊಂಡು ಬಂದು ಅಳೆದೆ. ಅರ್ಧ ಇಂಚು ಅಂದ್ರೆ 12.7 ಮಿಲಿಮೀಟರ್. ಹಳೇ ಜಿಐ ಪೈಪು, ಅದೇ ಸತು ಲೇಪಿಸಿದ ಕಬ್ಬಿಣದ ಪೈಪು, ಹೊರಗಿನಿಂದ 21.3, ಒಳಗೆ ಸುಮಾರು 16. ಯುಪಿವಿಸಿ ಕೂಡ ಹೊರಗೆ 21.3. ಸಿಪಿವಿಸಿ ಹೊರಗೆ 15.9. ಅರ್ಧ ಇಂಚಿನ ಪೈಪು ಅಂತ ಮಾರುವ ಈ ಮೂರರಲ್ಲಿ, ಹೊರಗಿನಿಂದಾಗಲಿ ಒಳಗಿನಿಂದಾಗಲಿ, ಅರ್ಧ ಇಂಚು ಅನ್ನುವ ಅಳತೆ ನನಗೆ ಸಿಗಲೇ ಇಲ್ಲ. ಹಾಗಾದ್ರೆ ಈ ಹೆಸರು ಎಲ್ಲಿಂದ ಬಂತು? ಅದನ್ನು ಹುಡುಕುತ್ತಾ ಹೋದದ್ದೇ ಈ ಸಂಚಿಕೆ.

ಈ ಗೊಂದಲ ನಮ್ಮ ಕಾಲದ್ದು ಅಂದ್ಕೊಂಡಿದ್ದೆ. ಅಲ್ಲ. ಕ್ರಿ.ಶ. 97ರಲ್ಲಿ ರೋಮ್ ನಗರದ ನೀರು ಸರಬರಾಜಿಗೆ ಫ್ರಾಂಟಿನಸ್ ಅನ್ನೋ ಅಧಿಕಾರಿ ಬಂದ. ಅಲ್ಲಿ ಸೀಸದ ಪೈಪುಗಳು. ಸೀಸಕ್ಕೆ ಲ್ಯಾಟಿನ್‌ನಲ್ಲಿ ಪ್ಲಂಬಮ್. ಪ್ಲಂಬರ್ ಅನ್ನೋ ಪದ ಅಲ್ಲಿಂದಲೇ ಬಂದದ್ದು. ಅವರ ಒಂದು ಮುಖ್ಯ ಸೈಜಿನ ಹೆಸರು ಕ್ವಿನಾರಿಯಾ, ಅಂದರೆ 'ಐದರದ್ದು'. ಯಾವ ಐದು? ಪೈಪು ಸುತ್ತುವ ಮೊದಲು ಸೀಸದ ಹಾಳೆಯ ಅಗಲ ಐದು ಬೆರಳು ಅಂತ ವಿಟ್ರುವಿಯಸ್ ಲೆಕ್ಕ. ಅಲ್ಲ, ಪೈಪಿನ ವ್ಯಾಸ ಐದು ಕಾಲು ಬೆರಳು, ಅಂದರೆ ಒಂದೂಕಾಲು ಬೆರಳು ಅಂತ ಫ್ರಾಂಟಿನಸ್ ವಾದ. ಆಗಲೇ ಹೆಸರೊಂದು ಕಡೆ, ಅಳತೆ ಒಂದು ಕಡೆ.

ಫ್ರಾಂಟಿನಸ್‌ಗೆ ಇದು ಬರೀ ಪಂಡಿತರ ಜಗಳ ಆಗಿರಲಿಲ್ಲ. ಯಾರ ಮನೆಗೆ ಎಷ್ಟು ನೀರು ಅಂತ ತೀರ್ಮಾನ ಮಾಡ್ತಿದ್ದದ್ದು ಕ್ಯಾಲಿಕ್ಸ್ ಅನ್ನೋ ಕಂಚಿನ ಫಿಟ್ಟಿಂಗ್. ನಮ್ಮಲ್ಲಿ ರಸ್ತೆಯ ಮೇನ್ ಪೈಪಿಂದ ಮನೆಗೆ ಕನೆಕ್ಷನ್ ಕೊಡುವಾಗ ಫೆರೂಲ್ ಹಾಕ್ತಾರಲ್ಲ, ಅದರ ಮುತ್ತಜ್ಜ ಅನ್ನಿ. ಕಂಚೇ ಯಾಕೆ? ಸೀಸವನ್ನು ಬಡಿದು ತೂತು ದೊಡ್ಡದು ಮಾಡಬಹುದು, ಕಂಚನ್ನು ಅಷ್ಟು ಸುಲಭಕ್ಕೆ ಆಗಲ್ಲ. ಅದಕ್ಕೆ ಸರ್ಕಾರಿ ಮುದ್ರೆ ಬೇರೆ. ಆದ್ರೂ ನೀರಿನವರು ದುಡ್ಡು ತಗೊಂಡು ದೊಡ್ಡ ಸೈಜಿನದ್ದು, ಮುದ್ರೆ ಇಲ್ಲದ್ದು ಹಾಕಿಕೊಡ್ತಾ ಇದ್ದರು ಅಂತ ಆತ ದೂರಿದ್ದಾನೆ. ಎರಡು ಸಾವಿರ ವರ್ಷ ಆಗಿದೆ ಅಂತ ಅನ್ಸುತ್ತಾ?

ಈಗ ಅಲ್ಲಿಂದ ನೇರ ಇಂಗ್ಲೆಂಡಿಗೆ, 1800ರ ಆಸುಪಾಸಿಗೆ ಬರೋಣ. ಯಾಕಂದ್ರೆ ನಮ್ಮ 'ಅರ್ಧ ಇಂಚು' ಹುಟ್ಟಿದ್ದು ಅಲ್ಲಿ, ಅದೂ ನೀರಿಗಲ್ಲ, ಗ್ಯಾಸಿಗೆ. ವಿಲಿಯಂ ಮರ್ಡಾಕ್ 1790ರ ದಶಕದಲ್ಲಿ ಕಲ್ಲಿದ್ದಲಿನ ಗ್ಯಾಸಿನಿಂದ ದೀಪ ಹಚ್ಚಿ ತೋರಿಸಿದ್ದ. 1807ರಲ್ಲಿ ಲಂಡನ್ನಿನ ಪಾಲ್ ಮಾಲ್ ರಸ್ತೆಯಲ್ಲಿ ಗ್ಯಾಸ್ ದೀಪ ಬಂತು. ಮನೆಮನೆಗೆ ಗ್ಯಾಸ್ ಒಯ್ಯೋಕೆ ಸಣ್ಣ ಕಬ್ಬಿಣದ ಪೈಪು ಬೇಕು, ಆದ್ರೆ ಅಗ್ಗದಲ್ಲಿ ಮಾಡೋರಿಲ್ಲ. ನೆಪೋಲಿಯನ್ ಜೊತೆಗಿನ ಯುದ್ಧ ಮುಗಿದು ಹಳೇ ಬಂದೂಕು ರಾಶಿ ಬಿದ್ದಿತ್ತು. ಅದರ ನಳಿಗೆಗಳಿಗೇ ಮರೆ ಕೊರೆದು ಒಂದಕ್ಕೊಂದು ಸೇರಿಸಿದರು. ಬಂದೂಕಿನ ನಳಿಗೆಗೆ ಇಂಗ್ಲಿಷಲ್ಲಿ ಬ್ಯಾರಲ್. ಇವತ್ತಿಗೂ ಎರಡು ಕಡೆ ಮರೆ ಇರುವ ತುಂಡು ಪೈಪನ್ನು 'ಬ್ಯಾರಲ್ ನಿಪ್ಪಲ್' ಅಂತ ಮಾರ್ತಾರೆ. 1825ರಲ್ಲಿ ಕಾರ್ನೀಲಿಯಸ್ ವೈಟ್‌ಹೌಸ್ ಅನ್ನೋನು ಕಾದ ಕಬ್ಬಿಣದ ಪಟ್ಟಿಯನ್ನು ಎಳೆದು ಬೆಸೆದು ಪೈಪು ಮಾಡುವ ಪೇಟೆಂಟ್ ತಗೊಂಡ. ಅಲ್ಲಿಂದ ಪೈಪು ಅಗ್ಗವಾಯ್ತು.

ಆಗ ಸೈಜು ಹೇಳ್ತಿದ್ದದ್ದು ಒಳಗಿನ ತೂತಿನ ಮೇಲೆ. ನೀರೋ ಗ್ಯಾಸೋ ಹರಿಯೋದು ಅಲ್ಲೇ ತಾನೇ? ಅರ್ಧ ಇಂಚು ತೂತು, ಸುತ್ತ ದಪ್ಪ ಗೋಡೆ. ಆಮೇಲೆ ಒಳ್ಳೆಯ ಉಕ್ಕು ಬಂತು, ಅಷ್ಟು ದಪ್ಪ ಗೋಡೆ ಬೇಕಾಗಲಿಲ್ಲ. ತೆಳ್ಳಗೆ ಮಾಡಬೇಕು, ಸರಿ. ಆದ್ರೆ ಹೊರಗಿಂದ ಕೆರೆಯೋದೋ, ಒಳಗಿಂದ ಕೆರೆಯೋದೋ? ಮರೆ ಇರೋದು ಹೊರಗೆ. ಫಿಟ್ಟಿಂಗ್ ಕೂರೋದೂ ಹೊರಗೆ. ಹೊರಗಿನ ಅಳತೆ ಬದಲಾಯಿಸಿದರೆ ದೇಶದಲ್ಲಿರೋ ಎಲ್ಬೋ, ಟೀ, ಸಾಕೆಟ್ ಎಲ್ಲಾ ಗುಜರಿಗೆ. ಹಾಗಾಗಿ ಹೊರಗಿನದ್ದು ಹಾಗೇ ಉಳಿಯಿತು, ಒಳಗಿನ ತೂತು ದೊಡ್ಡದಾಯಿತು, ಹೆಸರು ಮಾತ್ರ ಅರ್ಧ ಇಂಚು ಅಂತಲೇ ನಿಂತುಬಿಟ್ಟಿತು. ಎಕನಾಮಿಕ್ಸ್ ಕ್ಲಾಸಲ್ಲಿ ಸ್ವಿಚಿಂಗ್ ಕಾಸ್ಟ್ ಅಂತ ಒಂದು ಪಾಠ ಇತ್ತು. ಎಲ್ಬೋ ತೋರಿಸಿ ಹೇಳಿಕೊಟ್ಟಿದ್ದರೆ ಅವತ್ತೇ ಅರ್ಥ ಆಗ್ತಿತ್ತು.

ಇನ್ನು ಮರೆ. ಒಂದೊಂದು ಕಾರ್ಖಾನೆಯದ್ದು ಒಂದೊಂದು ಥರ ಇದ್ದ ಕಾಲದಲ್ಲಿ ಜೋಸೆಫ್ ವಿಟ್‌ವರ್ತ್ ಹಲವು ಕಾರ್ಖಾನೆಗಳ ಸ್ಕ್ರೂಗಳನ್ನು ಕೂಡಿಹಾಕಿ, ಸರಾಸರಿ ತೆಗೆದು, 1841ರಲ್ಲಿ 55 ಡಿಗ್ರಿ ಕೋನದ ಮರೆಯನ್ನು ಮುಂದಿಟ್ಟ. ಅಮೆರಿಕದ ವಿಲಿಯಂ ಸೆಲ್ಲರ್ಸ್ 1864ರಲ್ಲಿ 60 ಡಿಗ್ರಿ ಅಂದ. ಬ್ರಿಟಿಷರ ಪೈಪಿನ ಮರೆ, ಅದೇ ಬಿಎಸ್‌ಪಿ, ವಿಟ್‌ವರ್ತ್ ದಾರಿ ಹಿಡೀತು. ಅಮೆರಿಕದ್ದು 60 ಡಿಗ್ರಿ. ನಮಗೆ ಬಂದದ್ದು ಬ್ರಿಟಿಷರದ್ದು. ತಮಾಷೆ ಏನಂದ್ರೆ, ಅರ್ಧ ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು. ಅಮೆರಿಕದಲ್ಲಿರೋ ಅಣ್ಣ ಪ್ರೀತಿಯಿಂದ ತಂದುಕೊಟ್ಟ ಶವರ್ ಬೆಂಗಳೂರಿನ ಮನೆಯಲ್ಲಿ ನಾಲ್ಕು ಸುತ್ತು ಚೆನ್ನಾಗಿ ಹೋಗುತ್ತೆ, ಆಮೇಲೆ ಬಿಗಿಯುತ್ತೆ. ಟೇಪ್ ಸುತ್ತಿದರೆ ಎಷ್ಟೋ ಸಲ ನಿಲ್ಲುತ್ತೆ ಕೂಡ. ಆದ್ರೆ ಅದನ್ನು ನಂಬಿ ಮನೆ ಬೀಗ ಹಾಕಿ ಊರಿಗೆ ಹೋಗೋಕಾಗಲ್ಲ.

ಈ ಮರೆಯ ಕಾಲದ್ದೇ ನಾವು ಇವತ್ತು ಅಂಗಡಿಯಲ್ಲಿ ಕೇಳುವ ಹೆಸರುಗಳೆಲ್ಲ. ದಿಕ್ಕು ತಿರುಗಿಸೋಕೆ ಎಲ್ಬೋ. ಕವಲು ಬೇಕಾದ್ರೆ ಟೀ. ಉದ್ದಕ್ಕೆ ಸೇರಿಸೋಕೆ ಸಾಕೆಟ್. ದಪ್ಪದಿಂದ ಸಣ್ಣದಕ್ಕೆ ಇಳಿಯೋಕೆ ರೆಡ್ಯೂಸರ್. ತುದಿ ಮುಚ್ಚೋಕೆ ಪ್ಲಗ್ ಅಥವಾ ಕ್ಯಾಪ್: ಪ್ಲಗ್ ಒಳಗೆ ಹೋಗುತ್ತೆ, ಕ್ಯಾಪ್ ಹೊರಗೆ ಕೂರುತ್ತೆ. ಇವುಗಳಲ್ಲಿ ನನಗೆ ತುಂಬಾ ಇಷ್ಟ ಆಗಿದ್ದು ಯೂನಿಯನ್. ಯೋಚನೆ ಮಾಡಿ: ಗೋಡೆ ಮೇಲೆ ಎರಡು ತುದಿಯಲ್ಲೂ ಮರೆ ಬಿಗಿದಿರೋ ಪೈಪಿದೆ. ಮಧ್ಯೆ ಸೋರ್ತಿದೆ. ಬಿಚ್ಚಬೇಕಾದ್ರೆ ಪೈಪನ್ನು ತಿರುಗಿಸಬೇಕು. ಈ ತುದಿ ಸಡಿಲ ಆದ್ರೆ ಆ ತುದಿ ಬಿಗಿಯುತ್ತೆ! ಕೊನೆಯ ನಲ್ಲಿಯಿಂದ ಶುರು ಮಾಡಿ ಇಡೀ ಲೈನು ಬಿಚ್ಚಬೇಕು, ಇಲ್ಲಾ ಗರಗಸ ಹಾಕಬೇಕು. ಅದಕ್ಕೇ ಮೂರು ತುಂಡಿನ ಯೂನಿಯನ್. ಪೈಪು ಅಲ್ಲಾಡಲ್ಲ, ನಡುವಿನ ನಟ್ಟು ಮಾತ್ರ ತಿರುಗುತ್ತೆ, ಲೈನು ಎರಡಾಗುತ್ತೆ. ಪಂಪಿನ ಪಕ್ಕ, ಗೀಸರ್ ಪಕ್ಕ ಯೂನಿಯನ್ ಇಲ್ಲದ ಮನೆ ನೋಡಿದ್ರೆ ಕಟ್ಟಿದವರು ಖರ್ಚು ಉಳಿಸಿದ್ದಾರೆ ಅಂತಲೇ ಲೆಕ್ಕ.

ಬೆಂಗಳೂರಿಗೆ ಹೆಸರಘಟ್ಟದ ನೀರು ಕಬ್ಬಿಣದ ಪೈಪಲ್ಲಿ ಬಂದದ್ದು 1890ರ ದಶಕದಲ್ಲಿ. 1933ಕ್ಕೆ ತಿಪ್ಪಗೊಂಡನಹಳ್ಳಿ, 1974ಕ್ಕೆ ಕಾವೇರಿ. ಈ ನಡುವೆ 1957ರಲ್ಲಿ ಆಣೆ ಹೋಗಿ ನಯಾಪೈಸೆ ಬಂತು, ಆಮೇಲೆ ಸೇರು ಹೋಗಿ ಕಿಲೋ ಬಂತು. ಪೈಪಿನ ಇಂಚು ಮಾತ್ರ ಅಲ್ಲಾಡಲಿಲ್ಲ. ಐಎಸ್ 1239 ಅನ್ನೋ ಭಾರತೀಯ ಮಾನಕ ಇದೇ ಪೈಪನ್ನು 15 ಎಂಎಂ ಅಂತ ಕರೆಯುತ್ತೆ. ಅಳೆದು ನೋಡಿ, 15 ಕೂಡ ಎಲ್ಲೂ ಇಲ್ಲ.

ಪ್ಲಾಸ್ಟಿಕ್ ಬಂದಾಗ ಮರೆ ಹೋಗಿ ಸಾಲ್ವೆಂಟ್ ಸಿಮೆಂಟ್ ಬಂತು. ಇಲ್ಲೇ ನಾನು ಬಿದ್ದ ಹಳ್ಳ ಇರೋದು. ಮನೆಯ ಯುಪಿವಿಸಿ ಪೈಪು ಕಬ್ಬಿಣದ ಪೈಪಿನ ಹೊರ ಅಳತೆಯನ್ನೇ ಎತ್ತಿಕೊಂಡಿತು. ಬಿಸಿನೀರು ತಡೆಯುವ ಸಿಪಿವಿಸಿ ಅಮೆರಿಕದಲ್ಲಿ ತಾಮ್ರದ ಪೈಪಿನ ಜಾಗಕ್ಕೆ ಬಂದದ್ದು. ಅದು ಹಿಡಿದದ್ದು ತಾಮ್ರದ ಅಳತೆ. ತಾಮ್ರದ ಲೆಕ್ಕದಲ್ಲಿ ಹೆಸರಿಗಿಂತ ಹೊರಗಿನ ವ್ಯಾಸ ಇಂಚಿನ ಎಂಟನೇ ಒಂದು ಭಾಗ ಜಾಸ್ತಿ. ಅರ್ಧಕ್ಕೆ ಅದನ್ನು ಕೂಡಿಸಿದರೆ 15.9 ಮಿಲಿಮೀಟರ್. ಒಂದು ಕಬ್ಬಿಣದ ಮೊಮ್ಮಗ, ಇನ್ನೊಂದು ತಾಮ್ರದ ಮೊಮ್ಮಗ. ಒಂದೇ ಹೆಸರಿಟ್ಟುಕೊಂಡು ಒಂದೇ ಅಂಗಡಿಯ ಅಕ್ಕಪಕ್ಕದ ಡಬ್ಬದಲ್ಲಿ ಕೂತಿವೆ. ಸಿಪಿವಿಸಿಯಿಂದ ನಲ್ಲಿಗೆ ಹೋಗುವಾಗ ಮಾತ್ರ ಮತ್ತೆ ವಿಟ್‌ವರ್ತ್ ಬೇಕು. ಅದಕ್ಕೇ ಎಫ್‌ಟಿಎ, ಎಂಟಿಎ: ಒಂದು ಕಡೆ ಅಂಟಿಸುವ ಬಾಯಿ, ಇನ್ನೊಂದು ಕಡೆ ಮರೆ. ಎಫ್‌ಟಿಎಯಲ್ಲಿ ಮರೆ ಒಳಗೆ, ಎಂಟಿಎಯಲ್ಲಿ ಹೊರಗೆ. ನಲ್ಲಿ ಕೂರಿಸೋಕೆ ಹಿತ್ತಾಳೆ ಮರೆ ಇರೋದನ್ನೇ ತಗೊಳ್ಳಿ. ಬರೀ ಪ್ಲಾಸ್ಟಿಕ್ ಮರೆಗೆ ನಲ್ಲಿ ಜೋರಾಗಿ ಬಿಗಿದರೆ ಸೀಳುತ್ತೆ, ಅದೂ ಟೈಲ್ಸ್ ಹಾಕಿದ ಮೇಲೆ ಗೊತ್ತಾಗುತ್ತೆ.

ಪ್ಲಂಬರ್ ಅವತ್ತು ನನ್ನ ಎಂ-ಸೀಲ್ ಗಡ್ಡೆಯನ್ನು ಪೈಪಿನ ಸಮೇತ ಕತ್ತರಿಸಿ, ಹೊಸ ತುಂಡಿಗೆ ಎರಡು ಕಪ್ಲರ್, ಒಂದು ಸಿಪಿವಿಸಿ ಎಲ್ಬೋ ಅಂಟಿಸಿ, "ಇವತ್ತೊಂದಿನ ನೀರು ಬಿಡಬೇಡಿ ಸರ್" ಅಂತ ಹೇಳಿ 600 ರೂಪಾಯಿ ತಗೊಂಡು ಹೋದರು. ಕತ್ತರಿಸಿದ ಪೈಪಿನ ತುಂಡೊಂದನ್ನು ನಾನು ಇಟ್ಟುಕೊಂಡಿದ್ದೀನಿ. ಈಗ ಅಂಗಡಿಗೆ ಹೋದ್ರೆ ಅರ್ಧ ಇಂಚು ಅಂತ ಬಾಯಿ ಬಿಡಲ್ಲ. ಆ ತುಂಡನ್ನು ಕೌಂಟರ್ ಮೇಲಿಟ್ಟು "ಇದಕ್ಕೆ ಕೂರೋದು ಕೊಡಿ ಅಣ್ಣ" ಅಂತೀನಿ.