ಕಪ್ಪು ಜನರ ಜನವರಿ 1

ಅಮೆರಿಕದ ಗುಲಾಮರಿಗೆ ಕ್ರಿಸ್ಮಸ್ಸಿಗೆ ನಾಲ್ಕಾರು ದಿನ ರಜೆ, ಕುಡಿತ, ಕುಣಿತ ಸಿಗ್ತಿತ್ತು. ಅದು ಬಂಡಾಯ ತಡೆಯೋಕೆ ಧಣಿಗಳು ಹೂಡಿದ ಉಪಾಯ ಅಂತ ಗುಲಾಮಗಿರಿ ಉಂಡಿದ್ದ ಫ್ರೆಡರಿಕ್ ಡಗ್ಲಾಸ್ 1845ರಲ್ಲೇ ಬರೆದರು. ಜನವರಿ 1 ಗುಲಾಮರನ್ನ ವರ್ಷದ ಬಾಡಿಗೆಗೆ ಕಳಿಸೋ ದಿನ. ತಾಯಿ ಮಕ್ಕಳು ಅಗಲ್ತಿದ್ದರು.

1862ರ ಡಿಸೆಂಬರ್ 31ರ ರಾತ್ರಿ ಅದೇ ಜನ ಚರ್ಚುಗಳಲ್ಲಿ ಲಿಂಕನ್ನರ ಬಿಡುಗಡೆ ಘೋಷಣೆಗೆ ಕಾದು ಕೂತರು. ಗುಲಾಮಗಿರಿ ಪೂರ್ತಿ ರದ್ದಾಗೋಕೆ 1865 ಬರಬೇಕಾಯ್ತು. ಆದರೂ ಆ ಜಾಗರಣೆ ಇವತ್ತಿಗೂ ನಡೀತಿದೆ.

ಇದನ್ನ ಓದುವಾಗ ನನಗೆ ನೆನಪಾಗೋದು ಕೋರೆಗಾಂವ್. 1818ರ ಆ ಕದನದ ಸ್ತಂಭದ ಮುಂದೆ ಬಾಬಾಸಾಹೇಬರು ನಿಂತದ್ದೂ 1927ರ ಜನವರಿ 1ರಂದೇ.

ಈ ಸಲ ಕೇಕ್ ಕತ್ತರಿಸೋ ಮುಂಚೆ ಮಕ್ಕಳಿಗೆ ಈ ಎರಡೂ ಚರಿತ್ರೆ ಹೇಳಿ. ಜೈಭೀಮ್.