ಮಡಿಯಿಂದ ಶುಚಿಗೆ: ಕೂದಲು ತೆಗೆಯುವ ಕಸುಬಿನ ಚರಿತ್ರೆ

ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಪರಕರ್ಮಕ್ಕೆ ಬಂದವರು ತಲೆ ಬೋಳಿಸಿಕೊಳ್ಳುತ್ತಾರೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಗೆ ಹರಕೆ ಹೊತ್ತವರು ಮುಡಿ ಕೊಡಲು ಬರುತ್ತಾರೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿಯಿದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಬಸ್ತಿ ಹೊಸಕೋಟೆಯಲ್ಲಿ ಬಾಹುಬಲಿಯ ಮೂರ್ತಿಯಿದೆ. ಕೂದಲನ್ನು ಕೈಯಿಂದಲೇ ಕೀಳುವ ಜೈನ ಮುನಿಗಳ ಪರಂಪರೆಯನ್ನು ಇವೆರಡೂ ನೆನಪಿಸುತ್ತವೆ. ಈಗ ಇದೇ ತಾಲ್ಲೂಕು ಕೇಂದ್ರಗಳಲ್ಲಿ ಬ್ಯೂಟಿ ಪಾರ್ಲರುಗಳೂ ಇವೆ. ಅಲ್ಲಿ ಕತ್ತಿಯ ಬದಲು ಬಿಸಿ ಮೇಣ, ಅಂದರೆ ವ್ಯಾಕ್ಸ್, ಕೆಲಸ ಮಾಡುತ್ತದೆ. ಕಾಲ ಬದಲಾದರೂ ಒಂದು ಪ್ರಶ್ನೆ ಹಾಗೆಯೇ ಉಳಿದಿದೆ: ಒಬ್ಬರ ಚರ್ಮವನ್ನು ಮುಟ್ಟಿದ ವಸ್ತು ಇನ್ನೊಬ್ಬರ ಚರ್ಮವನ್ನು ಮುಟ್ಟಿದಾಗ ಅದರೊಡನೆ ಏನು ದಾಟುತ್ತದೆ?

ಹಡಪದೊಳಗೆ ಏನಿತ್ತು?

ಹಳ್ಳಿಯ ಕ್ಷೌರಿಕನ ಹಡಪದಲ್ಲಿ ಕತ್ತಿ, ಸಾಣೆಕಲ್ಲು, ನೀರಿನ ಬಟ್ಟಲು ಮತ್ತು ಒಂದು ತುಂಡು ಪಟಿಕ ಇರುತ್ತಿದ್ದವು. ಕತ್ತಿ ತಾಗಿ ರಕ್ತ ಬಂದರೆ ಪಟಿಕವನ್ನು ಉಜ್ಜುತ್ತಿದ್ದರು. ಪಟಿಕದಲ್ಲಿರುವ ಅಲ್ಯೂಮಿನಿಯಂ ಲವಣ ಗಾಯದ ಮೇಲಿನ ಪ್ರೋಟೀನುಗಳನ್ನು ಗರಣೆ ಕಟ್ಟಿಸಿ ರಕ್ತವನ್ನು ತಡೆಯುತ್ತದೆ. ಆದರೆ ಅದೇ ಪಟಿಕ ಮುಂದಿನವನ ಗಾಯಕ್ಕೂ, ಅದೇ ಬಟ್ಟಲಿನ ನೀರು ಮುಂದಿನವನ ಗಲ್ಲಕ್ಕೂ ಬರುತ್ತಿತ್ತು.

ಕ್ಷೌರವನ್ನು ಸಮಾಜ ಮೈಲಿಗೆ ಎಂದು ಎಣಿಸಿತ್ತು. ಕ್ಷೌರ ಮಾಡಿಸಿಕೊಂಡವನು ಸ್ನಾನ ಮಾಡದೆ ಮನೆಯೊಳಗೆ ಬರುವಂತಿರಲಿಲ್ಲ. ಕ್ಷೌರ ಮಾಡಿದವನನ್ನಂತೂ ದೂರವೇ ಇಡಲಾಗಿತ್ತು. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಮಡಿಯ ಲೆಕ್ಕದಲ್ಲಿ ಮೈ ತೊಳೆಯಬೇಕಿತ್ತು; ಕತ್ತಿಯನ್ನು ಕುದಿಸಬೇಕೆಂದು ಯಾರೂ ಹೇಳಲಿಲ್ಲ. ಮುಟ್ಟಿದವರು ಯಾರು ಎಂಬುದನ್ನು ಮಡಿ ವಿಚಾರಿಸಿತು, ಮುಟ್ಟಿದ ವಸ್ತು ಏನನ್ನು ಹೊತ್ತು ತಂದಿತು ಎಂಬುದನ್ನು ವಿಚಾರಿಸಲಿಲ್ಲ. ಹೀಗಾಗಿ ಕಸುಬುದಾರನಿಗೆ ಅವಮಾನ ಉಳಿಯಿತು, ಗಿರಾಕಿಗೆ ರಕ್ಷಣೆ ಸಿಗಲಿಲ್ಲ.

ದಿಗಂಬರ ಮುನಿಗಳ ಕೇಶಲೋಚದ ಕ್ರಮ ಬೇರೆ. ಎರಡರಿಂದ ನಾಲ್ಕು ತಿಂಗಳಿಗೊಮ್ಮೆ ಅವರು ತಮ್ಮ ತಲೆ, ಗಡ್ಡ, ಮೀಸೆಯ ಕೂದಲನ್ನು ಕೈಯಿಂದ ಕೀಳುತ್ತಾರೆ. ಹಿಡಿತಕ್ಕಾಗಿ ಬೂದಿಯನ್ನು ಬಳಸುತ್ತಾರೆ. ಇದರ ಹಿಂದಿರುವುದು ಅಪರಿಗ್ರಹ, ಅಹಿಂಸೆ ಮತ್ತು ಸಹನೆಯ ತತ್ತ್ವವೇ ಹೊರತು ರೋಗಾಣುಗಳ ತಿಳಿವಳಿಕೆಯಲ್ಲ. ಆದರೂ ಹಲವರ ಮೈ ಮುಟ್ಟುವ ಉಪಕರಣವೇ ಇಲ್ಲದಿರುವುದರಿಂದ ಸೋಂಕು ದಾಟುವ ಒಂದು ಮುಖ್ಯ ದಾರಿ ಅಲ್ಲಿ ತಾನಾಗಿಯೇ ಮುಚ್ಚಿದೆ.

ತೋಳಿನಿಂದ ತೋಳಿಗೆ

ಉಪಕರಣದ ಮೂಲಕ ರೋಗ ದಾಟುತ್ತದೆ ಎಂಬ ಪಾಠವನ್ನು ಜಗತ್ತು ನಿಧಾನವಾಗಿ ಕಲಿಯಿತು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ರಾಜಧಾನಿ ಮೈಸೂರಿಗೆ ಹೋಯಿತು. ಜೆನ್ನರನ ಸಿಡುಬಿನ ಲಸಿಕೆ 1802ರಲ್ಲಿ ಮುಂಬಯಿಗೆ ಬಂತು. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ಮೈಸೂರು ರಾಣಿಯರ ಚಿತ್ರವು ಲಸಿಕೆಯ ಪ್ರಚಾರಕ್ಕೆ ಸಂಬಂಧಿಸಿದ್ದೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಆಗ ಲಸಿಕೆಯನ್ನು ಶೀಶೆಯಲ್ಲಿ ಕಾಪಾಡುವ ವಿಧಾನ ಇರಲಿಲ್ಲ. ಒಬ್ಬರ ತೋಳಿನ ಬೊಕ್ಕೆಯ ರಸವನ್ನು ಇನ್ನೊಬ್ಬರ ತೋಳಿಗೆ ಹಾಕುತ್ತಿದ್ದರು. ಈ ಕ್ರಮ ಅಸಂಖ್ಯ ಜೀವಗಳನ್ನು ಉಳಿಸಿತು. ಆದರೆ 1861ರಲ್ಲಿ ಇಟಲಿಯ ರಿವಾಲ್ಟಾದಲ್ಲಿ ಇದೇ ಕ್ರಮದಿಂದ ನಲವತ್ತಕ್ಕೂ ಹೆಚ್ಚು ಮಕ್ಕಳಿಗೆ ಸಿಫಿಲಿಸ್ ತಗಲಿತು. ಒಳ್ಳೆಯ ಉದ್ದೇಶದ ಜೊತೆಗೇ ಸೋಂಕೂ ಸಾಗಬಲ್ಲದೆಂದು ಇದು ತೋರಿಸಿತು.

ಕ್ಷೌರದ ಕಡೆಯಿಂದಲೂ ಎಚ್ಚರಿಕೆ ಬಂತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಹಲವರಿಗೆ ಮುಖದ ಮೇಲೆ ಅಂತ್ರಾಕ್ಸ್ ಹುಣ್ಣು ಎದ್ದಿತು. ಕಾರಣ, ಸರಿಯಾಗಿ ಶುದ್ಧಿ ಮಾಡದ ಕುದುರೆ ಕೂದಲಿನ ಕ್ಷೌರದ ಬ್ರಷ್ಷುಗಳು. 1965ರಲ್ಲಿ ಬ್ಲಂಬರ್ಗ್ ತಂಡ ಪ್ರಕಟಿಸಿದ ಶೋಧನೆ ಹೆಪಟೈಟಿಸ್-ಬಿ ವೈರಸ್ಸನ್ನು ಗುರುತಿಸಲು ದಾರಿ ಮಾಡಿತು. ಈ ವೈರಸ್ ಒಣಗಿದ ರಕ್ತದ ಕಲೆಯಲ್ಲಿ ಕನಿಷ್ಠ 7 ದಿನ ಸೋಂಕುಕಾರಿಯಾಗಿ ಉಳಿಯಬಲ್ಲದು. ಕಣ್ಣಿಗೆ ಹೊಳೆಯುವ ಕತ್ತಿ ಶುಚಿಯಾದ ಕತ್ತಿಯೇ ಆಗಬೇಕಿಲ್ಲ ಎಂಬುದು ಇದರಿಂದ ಖಚಿತವಾಯಿತು. ಗಿರಾಕಿಗೊಂದು ಹೊಸ ಬ್ಲೇಡು ಎಂಬ ನಿಯಮದ ಹಿಂದೆ ಇಷ್ಟು ಚರಿತ್ರೆಯಿದೆ.

ಸಕ್ಕರೆ ನಾಡಿನ ಮೇಣ

ಮೇಣದ ಪಾತ್ರೆಗೆ ಇಂಥ ನಿಯಮ ಇನ್ನೂ ಎಲ್ಲ ಕಡೆ ತಲುಪಿಲ್ಲ. ವ್ಯಾಕ್ಸಿಂಗಿನಲ್ಲಿ ಜೇನುಮೇಣ, ರಾಳ ಮುಂತಾದವುಗಳ ಮಿಶ್ರಣವನ್ನಾಗಲಿ ಸಕ್ಕರೆಯ ಪಾಕವನ್ನಾಗಲಿ ಬಳಸುತ್ತಾರೆ. ಸಕ್ಕರೆ ಪಾಕದ ವಿಧಾನ ಈಜಿಪ್ಟ್ ಮತ್ತು ಪಶ್ಚಿಮ ಏಷ್ಯಾದಲ್ಲಿ ಬಹಳ ಕಾಲದಿಂದ ರೂಢಿಯಲ್ಲಿದೆ. ಸಕ್ಕರೆಗೆ ನಿಂಬೆರಸ ಸೇರಿಸಿ ಕುದಿಸಿದಾಗ ಸುಕ್ರೋಸಿನ ಒಂದು ಭಾಗ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಆದ್ದರಿಂದ ಪಾಕ ಹರಳುಗಟ್ಟದೆ ಅಂಟಾಗಿಯೇ ಉಳಿಯುತ್ತದೆ.

ಗಟ್ಟಿ ಪಾಕದಲ್ಲಿ ಸೂಕ್ಷ್ಮಜೀವಿಗಳು ಬೆಳೆಯಲಾರವು ಎಂಬುದು ನಿಜ. ಪರಾಸರಣದಿಂದ ಅವುಗಳ ಕೋಶದ ನೀರು ಹೊರಬರುತ್ತದೆ. ಮಂಡ್ಯದ ಆಲೆಮನೆಗಳ ಬೆಲ್ಲ ಒಣಗಿದ್ದರೆ ಕೆಡದಿರುವುದಕ್ಕೂ ಮಳೆಗಾಲದಲ್ಲಿ ತೇವ ಹೀರಿ ಹುಳಿಯುವುದಕ್ಕೂ ಇದೇ ಕಾರಣ. ಆದರೆ ಬೆಳೆಯದಿರುವುದು ಬೇರೆ, ಸಾಯುವುದು ಬೇರೆ. ವೈರಸ್ಸಂತೂ ಬೆಳೆಯಲು ಪಾಕವನ್ನು ಅವಲಂಬಿಸುವುದೇ ಇಲ್ಲ. ಅದಕ್ಕೆ ಒಂದು ಚರ್ಮದಿಂದ ಇನ್ನೊಂದಕ್ಕೆ ಸಾಗಿದರೆ ಸಾಕು.

ಮೇಣ ಬಿಸಿಯಾಗಿರುತ್ತದಲ್ಲ, ರೋಗಾಣು ಉಳಿದೀತೆ? ಪಾರ್ಲರುಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಸಮಾಧಾನವಿದು. ಲೆಕ್ಕ ಹಾಕೋಣ. ಹಾಲಿನ ಪಾಶ್ಚರೀಕರಣಕ್ಕೆ 63 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಬೇಕು. ಬೀಜಕಗಳನ್ನು ನಾಶಮಾಡಲು ಒತ್ತಡದ ಹಬೆಯಲ್ಲಿ 121 ಡಿಗ್ರಿ, 15 ನಿಮಿಷ ಬೇಕು. ನೀರಿನಂಶವಿಲ್ಲದ ಒಣ ಶಾಖವಾದರೆ 160 ಡಿಗ್ರಿಯಲ್ಲಿ 2 ಗಂಟೆ. ಕೊಬ್ಬು, ಮೇಣ, ಗಟ್ಟಿ ಸಕ್ಕರೆಗಳಲ್ಲಿ ನೀರು ಕಡಿಮೆ ಇರುವುದರಿಂದ ಸೂಕ್ಷ್ಮಜೀವಿಗಳು ಶಾಖವನ್ನು ಇನ್ನಷ್ಟು ತಾಳುತ್ತವೆ. ನಮ್ಮ ಚರ್ಮವೋ 60 ಡಿಗ್ರಿಯ ಬಿಸಿಗೆ ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ. ಆದ್ದರಿಂದ ಚರ್ಮ ತಾಳುವಷ್ಟು ಬಿಸಿಯಿರುವ ಮೇಣವನ್ನು ಕ್ರಿಮಿಶುದ್ಧವೆಂದು ನಂಬುವಂತಿಲ್ಲ.

ಕೂದಲು ಬುಡಸಹಿತ ಕಿತ್ತಾಗ ರೋಮಕೂಪ ತೆರೆದುಕೊಳ್ಳುತ್ತದೆ. ಚರ್ಮದ ಮೇಲುಪದರವೂ ಸ್ವಲ್ಪ ಕಿತ್ತುಬರುತ್ತದೆ. ಕೆಲವೊಮ್ಮೆ ರಕ್ತದ ಸಣ್ಣ ಚುಕ್ಕೆ ಕಾಣಿಸುತ್ತದೆ. ಮೈಗೆ ಮೇಣ ಸವರಿದ ಕಡ್ಡಿಯನ್ನು ಮತ್ತೆ ಪಾತ್ರೆಗೆ ಅದ್ದಿದರೆ ಚರ್ಮದ ಪುಡಿ, ಕೂದಲು, ರಕ್ತದ ಅಂಶ ಎಲ್ಲವೂ ಪಾತ್ರೆ ಸೇರುತ್ತವೆ. ಜೀನ್ಸ್ ಬಟ್ಟೆಯ ಪಟ್ಟಿಗಳನ್ನು ಒಗೆದು ಹಲವರಿಗೆ ಬಳಸುವುದೂ ಇಂಥದೇ ದಾರಿ.

ಇದು ಬರಿಯ ಊಹೆಯ ಭಯವಲ್ಲ. 2000ದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ಸಲೂನಿನಲ್ಲಿ ಕಾಲು ನೆನೆಸುವ ತೊಟ್ಟಿಗಳ ಮೂಲಕ ನೂರಕ್ಕೂ ಹೆಚ್ಚು ಗಿರಾಕಿಗಳಿಗೆ ಮೈಕೋಬ್ಯಾಕ್ಟೀರಿಯಮ್ ಗುಂಪಿನ ಸೂಕ್ಷ್ಮಜೀವಿಯಿಂದ ಕುರುಗಳೆದ್ದವು. ಮೊದಲೇ ಕಾಲಿನ ಕೂದಲು ಬೋಳಿಸಿಕೊಂಡು ಬಂದವರಿಗೆ ಅಪಾಯ ಹೆಚ್ಚಾಗಿತ್ತು. 2007ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಪ್ರಕಟಿಸಿದ ಪ್ರಕರಣವೊಂದರಲ್ಲಿ ವ್ಯಾಕ್ಸಿಂಗ್ ಮಾಡಿಸಿಕೊಂಡ ಮಧುಮೇಹಿ ಯುವತಿಗೆ ಸ್ಟ್ರೆಪ್ಟೊಕಾಕಸ್ ಮತ್ತು ಹರ್ಪಿಸ್ ಸೋಂಕು ತೀವ್ರವಾಗಿ ತಗಲಿತ್ತು. ಇಂಥ ತೀವ್ರ ಪ್ರಕರಣಗಳು ವಿರಳ. ಆದರೆ ಚರ್ಮದ ಬೇಲಿ ತೆರೆದಾಗ ಏನಾಗಬಹುದೆಂದು ಅವು ತೋರಿಸುತ್ತವೆ.

ಶುಚಿಯ ಲೆಕ್ಕ

ಪರಿಹಾರ ದುಬಾರಿಯಲ್ಲ. ಒಬ್ಬರಿಗೆ ಬೇಕಾದಷ್ಟು ಮೇಣವನ್ನು ಬೇರೆ ಬಟ್ಟಲಿಗೆ ತೆಗೆದುಕೊಂಡು ಉಳಿದದ್ದನ್ನು ಎಸೆಯಬೇಕು. ಇಲ್ಲವೇ ಪ್ರತಿ ಸಲ ಅದ್ದುವಾಗಲೂ ಹೊಸ ಕಡ್ಡಿ ಬಳಸಬೇಕು. ಪಟ್ಟಿಗಳನ್ನು ಒಬ್ಬರಿಗೆ ಬಳಸಿ ಎಸೆಯಬೇಕು. ಕೆಲಸಕ್ಕೆ ಮೊದಲು ಮತ್ತು ನಂತರ ಸೋಪಿನಿಂದ ಕೈ ತೊಳೆಯಬೇಕು. ಗಾಯ, ಗುಳ್ಳೆ, ಬಿಸಿಲಿಗೆ ಸುಟ್ಟ ಚರ್ಮದ ಮೇಲೆ ವ್ಯಾಕ್ಸಿಂಗ್ ಮಾಡಬಾರದು. ಮಧುಮೇಹಿಗಳು ಮೊದಲು ವೈದ್ಯರನ್ನು ಕೇಳುವುದು ಒಳ್ಳೆಯದು. ರಕ್ತದ ಸಂಪರ್ಕಕ್ಕೆ ಬರುವ ಕಸುಬುದಾರರಿಗೆ ಹೆಪಟೈಟಿಸ್-ಬಿ ಲಸಿಕೆ ಲಭ್ಯವಿದೆ. ಈ ಕ್ರಮಗಳು ಗಿರಾಕಿಯಷ್ಟೇ ಕಸುಬುದಾರರನ್ನೂ ಕಾಯುತ್ತವೆ.

ತರಗತಿಯಲ್ಲಿ ಇದನ್ನು ಸುಲಭವಾಗಿ ತೋರಿಸಬಹುದು. ತಣ್ಣಗಾದ ಗಟ್ಟಿ ಸಕ್ಕರೆ ಪಾಕವನ್ನು ಬಟ್ಟಲಿನಲ್ಲಿಡಿ. ಒಬ್ಬ ವಿದ್ಯಾರ್ಥಿಯ ಅಂಗೈಗೆ ಕುಂಕುಮ ಹಚ್ಚಿ. ಚಮಚದಿಂದ ಪಾಕವನ್ನು ಆ ಅಂಗೈಗೆ ಸವರಿ, ಅದೇ ಚಮಚವನ್ನು ಬಟ್ಟಲಿಗೆ ಅದ್ದಿ, ಇನ್ನೊಬ್ಬನ ಅಂಗೈಗೆ ಸವರಿ. ಎಷ್ಟನೆಯ ಅಂಗೈವರೆಗೆ ಕೆಂಪು ಕಾಣುತ್ತದೆಂದು ಎಣಿಸಿ. ಬಳಿಕ ಹೊಸ ಪಾಕದಲ್ಲಿ, ಪ್ರತಿ ಸಲ ಹೊಸ ಚಮಚದಿಂದ ಪ್ರಯೋಗವನ್ನು ಪುನರಾವರ್ತಿಸಿ. ಎರಡೂ ಎಣಿಕೆಗಳನ್ನು ಕರಿಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬರೆಯಿರಿ. ಕೆಂಪು ಹೇಗೆ ದಾಟಿತೆಂಬುದಕ್ಕೆ ಉತ್ತರ ಚಮಚದಲ್ಲಿದೆ. ಅದನ್ನು ಹಿಡಿದ ವಿದ್ಯಾರ್ಥಿಯ ಜಾತಿ, ಕುಲ, ಮಡಿಗಳಲ್ಲಿ ಅಲ್ಲ.