ವೊವಿನಾಂ ವಿದ್ಯೆಯ ಇಬ್ಬರು ಗುರುಗಳು

ಪರರ ಆಳ್ವಿಕೆಗೆ ಒಳಗಾದ ಜನಾಂಗವು ಕೋಟೆಕೊತ್ತಲಗಳನ್ನು ಮಾತ್ರವೇ ಕಳೆದುಕೊಳ್ಳುವುದಿಲ್ಲ. ತನ್ನ ಮೈಯ ಕಸುವಿನ ಮೇಲಣ ನಂಬಿಕೆಯನ್ನೂ ಕಳೆದುಕೊಳ್ಳುತ್ತದೆ. ಕೋಟೆಯನ್ನು ಮರಳಿ ಗೆದ್ದವರ ಚರಿತ್ರೆಯನ್ನು ಬರೆಯುವವರು ಬಹುಮಂದಿ ಇದ್ದಾರೆ. ಆ ನಂಬಿಕೆಯನ್ನು ಮರಳಿ ಗಳಿಸಿಕೊಟ್ಟವರ ಚರಿತ್ರೆಯು ಅಷ್ಟಾಗಿ ಬೆಳಕಿಗೆ ಬರುವುದಿಲ್ಲ. ವಿಯೆಟ್ನಾಂ ದೇಶದ ನ್ಗುಯೆನ್ ಲೋಕ್ ಎಂಬವರೂ ಅವರ ಶಿಷ್ಯರಾದ ಲೆ ಸಾಂಗ್ ಎಂಬವರೂ ಈ ಎರಡನೆಯ ವರ್ಗಕ್ಕೆ ಸೇರಿದವರು. ಇವರು ಕಟ್ಟಿ ಬೆಳೆಸಿದ ಯುದ್ಧವಿದ್ಯೆಗೆ ವೊವಿನಾಂ ಎಂದು ಹೆಸರು. ‘ವೊ’ ಎಂದರೆ ಯುದ್ಧವಿದ್ಯೆ. ಮಿಕ್ಕ ಅಕ್ಷರಗಳು ದೇಶದ ಹೆಸರನ್ನೇ ಮೊಟಕುಮಾಡಿ ಸೇರಿಸಿದವು.

ನ್ಗುಯೆನ್ ಲೋಕ್ ಹುಟ್ಟಿದುದು ೧೯೧೨ನೆಯ ಇಸವಿಯಲ್ಲಿ, ಹನೋಯ್ ನಗರಕ್ಕೆ ಪಶ್ಚಿಮದಲ್ಲಿರುವ ಸೋನ್ ತೈ ಪ್ರಾಂತದ ಹೂ ಬಾಂಗ್ ಎಂಬ ಹಳ್ಳಿಯಲ್ಲಿ. ಆ ವೇಳೆಗೆ ದೇಶವು ಫ್ರೆಂಚರ ವಶವಾಗಿ ಬಹುಕಾಲವಾಗಿದ್ದಿತು. ದಕ್ಷಿಣದ ಸೈಗಾನ್ ನಗರವು ೧೮೫೯ರಲ್ಲಿಯೇ ಅವರ ಕೈಸೇರಿತ್ತು. ಉತ್ತರ ಭಾಗವು ೧೮೮೪ರ ಒಪ್ಪಂದದಿಂದ ಅವರ ರಕ್ಷಣೆಗೆ ಒಳಗಾಯಿತು. ಅಫೀಮು, ಸಾರಾಯಿ, ಉಪ್ಪು ಇವುಗಳ ಮಾರಾಟದ ಹಕ್ಕನ್ನು ಸರಕಾರವು ತನ್ನಲ್ಲಿಯೇ ಇರಿಸಿಕೊಂಡಿದ್ದಿತು. ಪ್ರಜೆಯ ಅಮಲೇ ಪ್ರಭುವಿನ ಬೊಕ್ಕಸಕ್ಕೆ ಆದಾಯವಾದ ಕಾಲವದು. ೧೯೩೦ರ ಫೆಬ್ರುವರಿಯಲ್ಲಿ ಯೆನ್ ಬಾಯ್ ಎಂಬಲ್ಲಿ ದೇಶೀಯ ಸೈನಿಕರೂ ರಾಷ್ಟ್ರೀಯ ಪಕ್ಷದವರೂ ದಂಗೆಯೆದ್ದರು. ಸರಕಾರವು ಅದನ್ನು ಬೇಗನೆ ಅಡಗಿಸಿತು. ಪಕ್ಷದ ನಾಯಕನಾದ ನ್ಗುಯೆನ್ ಥಾಯ್ ಹೋಕ್ ಎಂಬಾತನೂ ಅವನ ಹನ್ನೆರಡು ಮಂದಿ ಸಂಗಡಿಗರೂ ಆ ವರ್ಷದ ಜೂನ್ ತಿಂಗಳ ೧೭ರಂದು ಶಿರಚ್ಛೇದಕ್ಕೆ ಗುರಿಯಾದರು. ನ್ಗುಯೆನ್ ಲೋಕ್ ಆಗ ಹದಿನೆಂಟರ ತರುಣರು.

ಆ ದಿನಗಳ ತರುಣರ ಮುಂದೆ ಎರಡೇ ದಾರಿಗಳಿದ್ದಂತೆ ತೋರುತ್ತಿತ್ತು. ಕೆಲವರು ಪಟ್ಟಣದ ವಿಲಾಸಗಳಲ್ಲಿ ಮೈಮರೆತರು. ಕೆಲವರು ಸಿದ್ಧತೆಯಿಲ್ಲದೆ ಹೋರಾಟಕ್ಕೆ ಧುಮುಕಿ ಪ್ರಾಣವನ್ನು ತೆತ್ತರು. ನ್ಗುಯೆನ್ ಲೋಕ್ ಇವೆರಡನ್ನೂ ಒಪ್ಪಲಿಲ್ಲ. ದೃಢವಾದ ಮೈಯೂ ಸ್ಥಿರವಾದ ಮನಸ್ಸೂ ಇಲ್ಲದವನು ದೇಶವನ್ನು ಬಿಡಿಸಲಾರನು, ಬಿಡುಗಡೆಯಾದ ಮೇಲೆ ಅದನ್ನು ಉಳಿಸಿಕೊಳ್ಳಲೂ ಆರನು ಎಂಬುದು ಅವರ ನಿಶ್ಚಯವಾಗಿದ್ದಿತು. ಅದನ್ನೇ ಅವರು ಮನಸ್ಸು ಮತ್ತು ಶರೀರಗಳ ಕ್ರಾಂತಿ ಎಂದು ಕರೆದರು. ಕ್ರಾಂತಿಯು ಪರರ ಮೇಲೆ ಹೊರಡುವುದಕ್ಕೆ ಮೊದಲು ತನ್ನೊಳಗೆ ನಡೆಯಬೇಕು ಎಂಬುದು ಇದರ ಭಾವ.

ತಮ್ಮ ನಾಡಿನ ಪ್ರಾಚೀನ ಸಾಮು ಮತ್ತು ಕುಸ್ತಿಗಳನ್ನು ಎಳೆತನದಿಂದಲೇ ಕಲಿತಿದ್ದ ಅವರು ಬೇರೆ ದೇಶಗಳ ವಿದ್ಯೆಗಳನ್ನೂ ಪರಿಶೀಲಿಸಿದರು. ವಿಯೆಟ್ನಾಮಿನ ಜನರು ಸಾಮಾನ್ಯವಾಗಿ ಸಣ್ಣ ಮೈಕಟ್ಟಿನವರು; ದೊಡ್ಡ ಮೈಯವನ ಎದುರಿಗೆ ಬಲಕ್ಕೆ ಬಲವನ್ನು ಒಡ್ಡಿದರೆ ಸೋಲುವುದೇ ಸರಿ. ಆದುದರಿಂದ ಚುರುಕುತನಕ್ಕೂ ಎದುರಾಳಿಯ ವೇಗವನ್ನೇ ಅವನ ಮೇಲೆ ತಿರುಗಿಸುವ ಉಪಾಯಕ್ಕೂ ಈ ವಿದ್ಯೆಯಲ್ಲಿ ಮೊದಲ ಸ್ಥಾನ. ಕಠಿಣವೂ ಮೃದುವೂ ಒಂದನ್ನೊಂದು ಬಿಟ್ಟಿರಬಾರದು ಎಂಬುದು ಇದರ ಮೂಲಸೂತ್ರ. ಇದರಲ್ಲಿ ಹೆಸರುವಾಸಿಯಾದುದು ಕಾಲುಗಳ ಪಟ್ಟು: ಸಾಧಕನು ನೆಲವನ್ನು ಬಿಟ್ಟು ಹಾರಿ, ಎರಡು ಕಾಲುಗಳನ್ನೂ ಕತ್ತರಿಯಂತೆ ಎದುರಾಳಿಯ ಕೊರಳಿಗೋ ನಡುವಿಗೋ ತೊಡರಿಸಿ, ಮೈಯನ್ನು ತಿರುಚಿ ಅವನನ್ನು ಕೆಡಹುತ್ತಾನೆ. ನೋಡುವವರಿಗೆ ಇದು ವಿಸ್ಮಯ. ಮಾಡುವವನಿಗೆ ವರ್ಷಗಳ ಅಭ್ಯಾಸ.

೧೯೩೮ರಲ್ಲಿ ವಿದ್ಯೆಯ ರೂಪವು ಸಿದ್ಧವಾಯಿತು. ಒಂದು ವರ್ಷ ಗುಟ್ಟಾಗಿ ಸ್ನೇಹಿತರಿಗೆ ಮಾತ್ರ ಕಲಿಸಿ, ೧೯೩೯ರಲ್ಲಿ ಹನೋಯ್ ನಗರದ ನಾಟಕಮಂದಿರದಲ್ಲಿ ಅದನ್ನು ಜನರ ಮುಂದೆ ಪ್ರದರ್ಶಿಸಿದರು. ೧೯೪೦ರಲ್ಲಿ ಅದೇ ನಗರದ ಉಪಾಧ್ಯಾಯರ ಶಿಕ್ಷಣಶಾಲೆಯಲ್ಲಿ ಮೊದಲನೆಯ ಬಹಿರಂಗ ತರಗತಿಯು ಆರಂಭವಾಯಿತು.

ಆ ಆರಂಭದ ದಿನಗಳಲ್ಲಿಯೇ ಬಂದು ಸೇರಿದವರು ಲೆ ಸಾಂಗ್. ಅವರು ೧೯೨೦ರಲ್ಲಿ ಹನೋಯ್ ನಗರದಲ್ಲಿ ಹುಟ್ಟಿದವರು. ಬಲಿಷ್ಠರೆಂಬ ಹೆಮ್ಮೆಯಿಂದ ಅವರು ಗರಡಿಗೆ ಬಂದವರಲ್ಲ. ಕಾಯಿಲೆಯೊಂದು ಅವರ ಕಾಲುಗಳ ಶಕ್ತಿಯನ್ನು ಕುಂದಿಸಿದ್ದಿತು. ನಡೆಯುವುದೇ ಕಷ್ಟವಾಗಿದ್ದ ಮಗನನ್ನು ಸಾಮು ಕಲಿತು ಕಾಲು ಬಲಿಸಿಕೊಳ್ಳುವಂತೆ ತಾಯಿಯೇ ಪ್ರೇರಿಸಿದಳು. ಕಾಲಿನ ಪಟ್ಟುಗಳಿಗೆ ಹೆಸರಾದ ವಿದ್ಯೆಗೆ ಕಾಲಿನ ಬಲವಿಲ್ಲದವನೊಬ್ಬನು ಉತ್ತರಾಧಿಕಾರಿಯಾದುದು ಗಮನಿಸತಕ್ಕ ವಿಷಯ. ಗುರುವು ಶಿಷ್ಯನ ಮೈಯನ್ನು ಮಾತ್ರ ನೋಡಿದ್ದರೆ ಈ ಚರಿತ್ರೆಯು ಬೇರೆಯಾಗುತ್ತಿತ್ತು.

ಮುಂದಿನ ವರ್ಷಗಳು ಯುದ್ಧದವು. ಜಪಾನಿನ ಸೇನೆ ಬಂದಿತು. ೧೯೪೫ರಲ್ಲಿ ಸ್ವಾತಂತ್ರ್ಯವು ಘೋಷಿತವಾಯಿತು. ೧೯೪೬ರ ಡಿಸೆಂಬರಿನಲ್ಲಿ ಫ್ರೆಂಚರೊಡನೆ ಯುದ್ಧವು ಹೊತ್ತಿಕೊಂಡಿತು. ೧೯೫೪ರಲ್ಲಿ ಜಿನೀವಾ ಒಪ್ಪಂದವು ದೇಶವನ್ನು ಎರಡಾಗಿ ಸೀಳಿದಾಗ ಗುರುಶಿಷ್ಯರು ದಕ್ಷಿಣಕ್ಕೆ ತೆರಳಿ ಸೈಗಾನಿನಲ್ಲಿ ತರಗತಿಯನ್ನು ತೆರೆದರು. ಆದರೆ ನ್ಗುಯೆನ್ ಲೋಕರ ಆರೋಗ್ಯವು ಕೆಟ್ಟಿತು. ಪಾಠದ ಭಾರವು ಕ್ರಮವಾಗಿ ಲೆ ಸಾಂಗರ ಮೇಲೆ ಬಿದ್ದಿತು. ೧೯೬೦ರ ಏಪ್ರಿಲಿನಲ್ಲಿ, ಐವತ್ತು ತುಂಬುವ ಮೊದಲೇ, ಸಂಸ್ಥಾಪಕರು ಕಾಲವಾದರು.

ಶಿಷ್ಯನ ಪರೀಕ್ಷೆಯು ಆಗ ಆರಂಭವಾಯಿತು. ಅದೇ ವರ್ಷ ನವೆಂಬರಿನಲ್ಲಿ ಅಧ್ಯಕ್ಷ ನ್ಗೊ ದಿನ್ ಜಿಯೆಮ್ ವಿರುದ್ಧ ಸೈನಿಕರು ನಡೆಸಿದ ಬಂಡಾಯವು ವಿಫಲವಾಗಲು, ಸರಕಾರವು ಯುದ್ಧವಿದ್ಯೆಯ ಶಾಲೆಗಳನ್ನು ಸಂಶಯದಿಂದ ಕಂಡು ನಿರ್ಬಂಧಿಸಿತು. ಗರಡಿಯ ಬಾಗಿಲು ಮುಚ್ಚಿತು. ೧೯೬೩ರಲ್ಲಿ ಆ ಸರಕಾರವು ಉರುಳಿದ ತರುವಾಯವೇ ಲೆ ಸಾಂಗ್ ಹಳೆಯ ಸಂಗಡಿಗರನ್ನು ಕೂಡಿಸಿದರು. ೧೯೬೪ರಲ್ಲಿ ಪಾಠಕ್ರಮವೂ ಶ್ರೇಣಿಗಳೂ ನಿಯಮಗಳೂ ಹೊಸದಾಗಿ ಏರ್ಪಟ್ಟವು. ವಿದ್ಯೆಯ ಹೆಸರಿನೊಡನೆ ‘ವಿಯೆಟ್ ವೊ ದಾವ್’, ಅಂದರೆ ವಿಯೆಟ್ನಾಮಿನ ಯುದ್ಧವಿದ್ಯೆಯ ಧರ್ಮಮಾರ್ಗ, ಎಂಬ ಮಾತೂ ಸೇರಿತು. ಬಾಯಿಂದ ಬಾಯಿಗೆ ಬಂದ ಪಾಠವು ಇಂತು ಲಿಖಿತ ಶಾಸ್ತ್ರವಾಯಿತು. ೧೯೭೫ರಲ್ಲಿ ಸೈಗಾನ್ ಬಿದ್ದು ಆಡಳಿತವು ಮತ್ತೆ ಬದಲಾಯಿತು. ಲೆ ಸಾಂಗ್ ಅನೇಕ ವರ್ಷ ಸೆರೆಯ ಶಿಬಿರದಲ್ಲಿ ಕಳೆಯಬೇಕಾಯಿತು. ಆ ಕಾಲದಲ್ಲಿ ದೇಶದೊಳಗೆ ಉಳಿದವರೂ ದೇಶವನ್ನು ಬಿಟ್ಟು ಯೂರೋಪ್, ಅಮೆರಿಕಗಳಿಗೆ ಹೋದವರೂ ವಿದ್ಯೆಯನ್ನು ಕಾಪಾಡಿದರು. ಬಿಡುಗಡೆಯಾಗಿ ಬಂದ ವೃದ್ಧ ಗುರುವು ನಗರದ ಸು ವಾನ್ ಹಾನ್ ಬೀದಿಯ ಗುರುಮಂದಿರದಲ್ಲಿ ನೆಲೆಸಿ, ದೂರದೇಶಗಳಿಂದ ಬಂದ ಸಾಧಕರನ್ನು ಕಡೆಯವರೆಗೂ ಬರಮಾಡಿಕೊಂಡರು.

೨೦೦೮ರಲ್ಲಿ ವೊವಿನಾಂ ವಿದ್ಯೆಯ ವಿಶ್ವಸಂಘವು ಸ್ಥಾಪಿತವಾಯಿತು. ಮರುವರ್ಷ ಹನೋಯ್ ನಗರದಲ್ಲಿ ಮುಖ್ಯವಾಗಿ ನಡೆದ ಏಷ್ಯಾದ ಒಳಾಂಗಣ ಕ್ರೀಡಾಕೂಟದಲ್ಲಿ ಅದು ಸ್ಪರ್ಧೆಯ ವಿಷಯವಾಯಿತು. ಎಪ್ಪತ್ತು ವರ್ಷಗಳ ಹಿಂದೆ ಮೊದಲ ಪ್ರದರ್ಶನ ನಡೆದ ಊರೇ ಅದು. ೨೦೧೦ರ ಸೆಪ್ಟೆಂಬರ್ ತಿಂಗಳ ೨೭ರಂದು ಲೆ ಸಾಂಗ್ ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು. ತಮ್ಮ ಪೀಠಕ್ಕೆ ಅವರು ಒಬ್ಬನನ್ನು ನೇಮಿಸಿ ಹೋಗಲಿಲ್ಲ. ಹಿರಿಯ ಶಿಷ್ಯರ ಮಂಡಲಿಯೊಂದಕ್ಕೆ ಹೊಣೆಯನ್ನು ಒಪ್ಪಿಸಿದರು. ಒಬ್ಬ ಮನುಷ್ಯನ ಆಯುಸ್ಸು ಎಷ್ಟು ಅಲ್ಪವೆಂಬುದನ್ನೂ, ಒಂದು ಆಜ್ಞೆಯಿಂದ ಒಂದು ಬಾಗಿಲು ಹೇಗೆ ಮುಚ್ಚುವುದೆಂಬುದನ್ನೂ ಅವರಿಗಿಂತ ಚೆನ್ನಾಗಿ ಅರಿತವರಾರು?

ವೊವಿನಾಂ ಸಾಧಕನು ಗುರುವಿಗೂ ಎದುರಾಳಿಗೂ ವಂದಿಸುವ ಕ್ರಮವೊಂದುಂಟು. ಬಲಗೈಯನ್ನು ಎದೆಯ ಎಡಭಾಗದ ಮೇಲೆ ಇರಿಸಿ ತಲೆಬಾಗುತ್ತಾನೆ. ಉಕ್ಕಿನಂತಹ ಕೈಯು ಕರುಣೆಯ ಹೃದಯದ ಮೇಲೆ ನಿಂತಿರಬೇಕೆಂದು ಅದರ ಅರ್ಥ. ಬಲವು ಯಾವುದಕ್ಕೆ ಎಂಬ ಪ್ರಶ್ನೆಗೆ ನ್ಗುಯೆನ್ ಲೋಕ್ ಕೊಟ್ಟ ಉತ್ತರವು ಈ ವಂದನೆಯಲ್ಲಿ ಅಡಗಿದೆ. ಆ ಉತ್ತರವನ್ನು ಐವತ್ತು ವರ್ಷ ಹೊತ್ತು ನಡೆದುದು, ಒಮ್ಮೆ ನಡೆಯಲಾರದೆ ಇದ್ದ ಕಾಲುಗಳು.